ವೆಲ್ಡಿಂಗ್ ಯಂತ್ರ ಮತ್ತು ಹೆಲ್ಮೆಟ್: ಕೊಳ್ಳುವವರೂ ಮಾರುವವರೂ ತಿಳಿದಿರಬೇಕಾದ ಅಂಶಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಬೆಸುಗೆ ಕೆಲಸಕ್ಕೆ ವರ್ಷವಿಡೀ ಬೇಡಿಕೆಯಿದೆ. ಹೊಗೆಸೊಪ್ಪು ಹದಮಾಡುವ ಕಾಲಕ್ಕೆ ಮುನ್ನ ಬ್ಯಾರನ್‌ಗಳ ತಗಡಿನ ಕೊಳವೆಗಳ ದುರಸ್ತಿ ನಡೆಯುತ್ತದೆ. ನಾಲೆಗೆ ನೀರು ಬಂದೊಡನೆ ಕೃಷ್ಣರಾಜನಗರದ ಗದ್ದೆ ಬಯಲಿನಲ್ಲಿ ಟ್ರ್ಯಾಕ್ಟರುಗಳ ಕೇಜ್ ವ್ಹೀಲ್‌ಗಳು ವರ್ಕ್‌ಶಾಪುಗಳ ಮುಂದೆ ಸಾಲುಗಟ್ಟುತ್ತವೆ. ಗೇಟು, ಗ್ರಿಲ್ಲು, ಟ್ರೇಲರು, ತಗಡಿನ ಶೆಡ್ಡುಗಳ ಕೆಲಸವಂತೂ ಎಲ್ಲ ಊರುಗಳಲ್ಲೂ ಇದ್ದೇ ಇರುತ್ತದೆ. ಗುರುಪುರ ಮತ್ತು ಬೈಲುಕುಪ್ಪೆಯ ಟಿಬೆಟನ್ ನೆಲೆಗಳಿಂದ ಕಾಡಂಚಿನ ಹಾಡಿಗಳವರೆಗೆ ಬೆಸುಗೆಯ ಕೆಲಸ ಬೇಡದ ಊರಿಲ್ಲ.

ಆದರೆ ಈ ಕೆಲಸದ ಸಲಕರಣೆ ಕೊಳ್ಳುವವರು ಬದಲಾಗಿದ್ದಾರೆ. ಹಿಂದೆ ವೆಲ್ಡಿಂಗ್ ಯಂತ್ರವೆಂದರೆ ನಾಲ್ಕು ಜನ ಎತ್ತಬೇಕಾದ, ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ. ಅದನ್ನು ಕೊಳ್ಳುತ್ತಿದ್ದವರು ವರ್ಕ್‌ಶಾಪ್ ಮಾಲೀಕರು ಮಾತ್ರ. ಇಂದು ಐದಾರು ಕಿಲೋ ತೂಕದ ಇನ್ವರ್ಟರ್ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಬೈಕಿನಲ್ಲಿ ಒಯ್ಯಬಹುದಾಗಿದೆ. ಐಟಿಐ ವಿದ್ಯಾರ್ಥಿ, ಪಾಲಿಟೆಕ್ನಿಕ್‌ನಲ್ಲಿ ಪ್ರಾಜೆಕ್ಟ್ ಮಾಡುವ ಯುವಕ, ತನ್ನ ನೇಗಿಲನ್ನು ತಾನೇ ಸರಿಪಡಿಸಿಕೊಳ್ಳಬಯಸುವ ರೈತ, ನಿವೃತ್ತಿಯ ನಂತರ ಮನೆಯ ಹಿತ್ತಿಲಲ್ಲಿ ಕಬ್ಬಿಣದ ಕುರ್ಚಿ ಮಾಡುವ ಹವ್ಯಾಸಿ, ಇವರೆಲ್ಲರೂ ಈಗ ಹಾರ್ಡ್‌ವೇರ್ ಅಂಗಡಿಯ ಗಿರಾಕಿಗಳು. ಇವರಲ್ಲಿ ಬಹುಪಾಲು ಜನರಿಗೆ ಕೊಳ್ಳುವ ದಿನ ಸಲಹೆ ನೀಡುವವನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ವರ್ತಕನೊಬ್ಬನೇ. ಆದ್ದರಿಂದ ಈ ವಿಷಯವು ಕೊಳ್ಳುವವರಿಗೆ ಎಷ್ಟು ಮುಖ್ಯವೋ ನಮ್ಮ ಸದಸ್ಯರಿಗೂ ಅಷ್ಟೇ ಮುಖ್ಯವಾಗಿದೆ.

ಒಂದು ಅನುಭವ

ಈ ಲೇಖಕನ ವರ್ಕ್‌ಶಾಪಿಗೆ ಕೆಲವು ವರ್ಷಗಳ ಹಿಂದೆ ಸಂಬಂಧಿಕರ ಹುಡುಗನೊಬ್ಬ ಐಟಿಐ ರಜೆಯಲ್ಲಿ ಕೆಲಸ ಕಲಿಯಲು ಬಂದಿದ್ದ. ಸ್ವಂತಕ್ಕೆ ಒಂದು ಯಂತ್ರ ಬೇಕೆಂದಾಗ ಹಣ ಕೊಟ್ಟು, 'ಇನ್ನೂರು ಆಂಪಿಯರಿನ ಇನ್ವರ್ಟರ್ ತೆಗೆದುಕೋ' ಎಂದು ಹೇಳಿ ಕಳುಹಿಸಿದೆ. ಹೆಲ್ಮೆಟ್ಟಿನ ಮಾತನ್ನು ನಾನು ಎತ್ತಲಿಲ್ಲ. ಅಂಗಡಿಯವರೂ ಎತ್ತಲಿಲ್ಲ. ಯಂತ್ರದ ಪೆಟ್ಟಿಗೆಯೊಳಗೆ ಉಚಿತವಾಗಿ ಬಂದಿದ್ದ ತೆಳು ಪ್ಲಾಸ್ಟಿಕ್ಕಿನ ಕೈ ಶೀಲ್ಡೇ ಸಾಕೆಂದು ಅವನು ತಿಳಿದ. ಗ್ರಿಲ್ಲಿನ ಸರಳುಗಳಿಗೆ ಟ್ಯಾಕ್ ಹಾಕುವಾಗ ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಹೋಲ್ಡರ್. ಶೀಲ್ಡ್ ಹಿಡಿಯಲು ಮೂರನೆಯ ಕೈ ಇಲ್ಲ. ಕಣ್ಣು ಮುಚ್ಚಿ, ಮುಖ ತಿರುಗಿಸಿ ಇಡೀ ಮಧ್ಯಾಹ್ನ ಟ್ಯಾಕ್ ಹಾಕಿದ. ಸಂಜೆ ಏನೂ ಆಗಲಿಲ್ಲ. ಮಧ್ಯರಾತ್ರಿ ಎದ್ದು ಕಣ್ಣಿಗೆ ಮರಳು ಎರಚಿದಂತಾಗುತ್ತಿದೆಯೆಂದು ಅಳತೊಡಗಿದ. ಬೆಳಗಾಗುವ ಹೊತ್ತಿಗೆ ರೆಪ್ಪೆ ತೆರೆಯಲಾಗುತ್ತಿರಲಿಲ್ಲ. ವೈದ್ಯರ ಚಿಕಿತ್ಸೆಯಿಂದ ಎರಡು ದಿನಗಳಲ್ಲಿ ಗುಣವಾಯಿತಾದರೂ, ಆ ಎರಡು ದಿನಗಳಲ್ಲೇ ಇದ್ದ ಪ್ರಾಯೋಗಿಕ ಪರೀಕ್ಷೆ ತಪ್ಪಿತು. ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಟ್ಟ ನಾನು ಕಣ್ಣಿಗೆ ಒಂದು ರೂಪಾಯಿಯನ್ನೂ ಎತ್ತಿಡಲಿಲ್ಲವೆಂಬುದು ಆಗ ಮನವರಿಕೆಯಾಯಿತು.

ಸಲಕರಣೆ ಆಯ್ಕೆಯ ಕ್ರಮವು ನಮ್ಮಲ್ಲಿ ತಲೆಕೆಳಗಾಗಿದೆ. ಮೊದಲು ಯಂತ್ರ, ಹಣ ಉಳಿದರೆ ವಯರಿಂಗ್, ಆಮೇಲೆ ಮಿಕ್ಕಿದ್ದರೆ ಹೆಲ್ಮೆಟ್ ಎಂಬುದು ರೂಢಿ. ಇರಬೇಕಾದ ಕ್ರಮ ಬೇರೆಯೇ ಆಗಿದೆ: ಮೊದಲು ಮಾಡುವ ಕೆಲಸ ಯಾವುದೆಂದು ನಿರ್ಧಾರ, ನಂತರ ಕಣ್ಣಿನ ರಕ್ಷಣೆ, ನಂತರ ವಿದ್ಯುತ್ ಸಂಪರ್ಕ, ಕೊನೆಗೆ ಯಂತ್ರ.

ಯಾವ ಬಗೆಯ ಬೆಸುಗೆ?

ಸಾಮಾನ್ಯ ಬಳಕೆಯಲ್ಲಿರುವ ವಿದ್ಯುತ್ ಬೆಸುಗೆಯಲ್ಲಿ ಮೂರು ವಿಧಗಳಿವೆ. ಲೇಪನವಿರುವ ಕಡ್ಡಿಯಿಂದ ಮಾಡುವ ಆರ್ಕ್ ವೆಲ್ಡಿಂಗ್, ಸುರುಳಿ ತಂತಿಯಿಂದ ಮಾಡುವ ಮಿಗ್ ಅಥವಾ ಸಿಒಟು ವೆಲ್ಡಿಂಗ್, ಹಾಗೂ ಟಂಗ್‌ಸ್ಟನ್ ಮೊನೆಯಿಂದ ಆರ್ಗಾನ್ ಅನಿಲದ ಆಶ್ರಯದಲ್ಲಿ ಮಾಡುವ ಟಿಗ್ ವೆಲ್ಡಿಂಗ್.

ಕಲಿಯುವವರಿಗೂ ಹಳ್ಳಿಯ ಕೆಲಸಕ್ಕೂ ಆರ್ಕ್ ವೆಲ್ಡಿಂಗ್ ಮೊದಲ ಆಯ್ಕೆ. ಇದಕ್ಕೆ ಸಿಲಿಂಡರ್ ಬೇಡ, ಬಯಲಿನ ಗಾಳಿಗೆ ಹೆದರಬೇಕಿಲ್ಲ, ಅಲ್ಪಸ್ವಲ್ಪ ತುಕ್ಕನ್ನು ಸಹಿಸುತ್ತದೆ, ಕಡ್ಡಿಗಳು ಎಲ್ಲ ಪಟ್ಟಣಗಳಲ್ಲಿ ದೊರೆಯುತ್ತವೆ. ಐಟಿಐ ವೆಲ್ಡರ್ ತರಬೇತಿಯ ತಳಹದಿಯೂ ಇದೇ. ಮಿಗ್ ಕಲಿಯುವುದು ಸುಲಭ, ತೆಳು ತಗಡಿಗೆ ಅನುಕೂಲ. ಆದರೆ ಅನಿಲದ ಸಿಲಿಂಡರ್ ತುಂಬಿಸಿ ತರುವ ವೆಚ್ಚ ಮತ್ತು ಓಡಾಟವನ್ನು ಮೊದಲೇ ಲೆಕ್ಕ ಹಾಕಬೇಕು. ಅನಿಲವಿಲ್ಲದೆ ಕೆಲಸ ಮಾಡುವ ಫ್ಲಕ್ಸ್ ತಂತಿಯ ಯಂತ್ರಗಳು ಈ ತೊಂದರೆಯನ್ನು ನೀಗಿಸುತ್ತವೆಯಾದರೂ ತಂತಿಯ ಬೆಲೆ ಹೆಚ್ಚು, ಹೊಗೆಯೂ ಹೆಚ್ಚು. ಟಿಗ್ ಸ್ಟೇನ್‌ಲೆಸ್ ಸ್ಟೀಲಿಗೂ ಅಲ್ಯೂಮಿನಿಯಮ್ಮಿಗೂ ಬೇಕಾದುದು. ಕೈ ಪಳಗಿದ ನಂತರ ಯೋಚಿಸಿದರೆ ಸಾಕು. ಅಲ್ಯೂಮಿನಿಯಮ್ ಬೆಸೆಯಲು ಎಸಿ ಹೊರಹರಿವಿನ ಟಿಗ್ ಯಂತ್ರವೇ ಬೇಕೆಂಬುದನ್ನು ಅರಿಯದೆ ಡಿಸಿ ಯಂತ್ರ ಕೊಂಡು ಮರಳಿಸಲು ಬರುವವರಿದ್ದಾರೆ; ವರ್ತಕರು ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಹೆಲ್ಮೆಟ್: ಮೊದಲ ಖರ್ಚು

ವಿದ್ಯುತ್ ಚಾಪದ ಬೆಳಕಿನಲ್ಲಿ ಕಣ್ಣಿಗೆ ಕಾಣುವ ಪ್ರಖರತೆಯ ಜೊತೆಗೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಅವಗೆಂಪು ಕಿರಣಗಳೂ ಇರುತ್ತವೆ. ಅತಿನೇರಳೆ ಕಿರಣಗಳು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಸುಡುತ್ತವೆ. ಸುಟ್ಟ ಕ್ಷಣದಲ್ಲಿ ನೋವು ತಿಳಿಯುವುದಿಲ್ಲ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಗಳ ನಂತರ ಉರಿ, ನೀರು ಸುರಿಯುವಿಕೆ, ಬೆಳಕು ಸಹಿಸಲಾಗದ ಸ್ಥಿತಿ ಕಾಣಿಸಿಕೊಳ್ಳುತ್ತದೆ. ಒಂದೆರಡು ದಿನಗಳಲ್ಲಿ ಗುಣವಾಗುವುದರಿಂದ ಜನ ಇದನ್ನು ಲಘುವಾಗಿ ಕಾಣುತ್ತಾರೆ. ಆದರೆ ವರ್ಷಗಟ್ಟಲೆ ಮರುಕಳಿಸುವ ಇಂತಹ ಆಘಾತದ ಪರಿಣಾಮ ಬೇರೆ. ಪ್ರಖರ ಬೆಳಕು ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು ಹಾನಿಗೊಳಿಸಿದರೆ ಅದು ಮರಳಿ ಸರಿಯಾಗದೆಯೂ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೂ ವೆಲ್ಡಿಂಗ್‌ನ ಅತಿನೇರಳೆ ಕಿರಣಗಳನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಣಗಳ ಮೊದಲ ಗುಂಪಿನಲ್ಲಿ ಸೇರಿಸಿತು.

ತಂಪು ಕನ್ನಡಕ, ಎಕ್ಸ್‌ರೇ ಫಿಲ್ಮ್, ಕಪ್ಪು ಬಣ್ಣ ಬಳಿದ ಗಾಜು ಇವು ಯಾವುವೂ ರಕ್ಷಣೆಯಲ್ಲ. ಕಪ್ಪಾಗಿ ಕಾಣುವುದೇ ಬೇರೆ, ಅತಿನೇರಳೆ ಕಿರಣಗಳನ್ನು ತಡೆಯುವುದೇ ಬೇರೆ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಆ ಗಾಜು ಕಿರಣಗಳನ್ನು ತಡೆಯದಿದ್ದರೆ ಬರಿಗಣ್ಣಿಗಿಂತ ಹೆಚ್ಚು ಕಿರಣ ಒಳಹೊಗುತ್ತದೆ.

ಹೆಲ್ಮೆಟ್‌ಗಳಲ್ಲಿ ಎರಡು ಬಗೆ. ಒಂದು, ಸ್ಥಿರ ಕಪ್ಪು ಗಾಜಿನದು. ಇನ್ನೊಂದು, ಚಾಪ ಹೊತ್ತಿದೊಡನೆ ತಾನೇ ಕಪ್ಪಾಗುವ ಆಟೋ ಡಾರ್ಕನಿಂಗ್ ಹೆಲ್ಮೆಟ್.

ಸ್ಥಿರ ಗಾಜಿನ ಹೆಲ್ಮೆಟ್ ಅಗ್ಗ, ಬ್ಯಾಟರಿ ಬೇಡ, ಕೆಡುವ ಭಾಗಗಳಿಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಗಾಜಿನ ಅಳತೆ ಸಾಮಾನ್ಯವಾಗಿ ನಾಲ್ಕೂಕಾಲು ಅಂಗುಲ ಉದ್ದ, ಮೂರೂಕಾಲು ಅಂಗುಲ ಅಗಲ. ಕಪ್ಪು ಗಾಜಿನ ಮುಂದೆ ಬಿಳಿ ಗಾಜೊಂದಿರಬೇಕು. ಕಿಡಿಗಳು ಬಿದ್ದು ಮಸುಕಾಗುವುದು ಅದೇ, ಬದಲಿಸಬೇಕಾದುದೂ ಅದನ್ನೇ. ಇದರ ಕೊರತೆಯೆಂದರೆ ಚಾಪ ಹೊತ್ತುವ ಮುನ್ನ ಏನೂ ಕಾಣುವುದಿಲ್ಲ. ಕಲಿಯುವವನು ಕಡ್ಡಿಯ ತುದಿಯನ್ನು ಜಾಗಕ್ಕೆ ಹಿಡಿದು, ತಲೆಯಾಡಿಸಿ ಹೆಲ್ಮೆಟ್ ಇಳಿಸುವಷ್ಟರಲ್ಲಿ ತುದಿ ಸರಿದಿರುತ್ತದೆ. ಬೇಸತ್ತು ಹೆಲ್ಮೆಟ್ ಮೇಲಿಟ್ಟೇ ಚಾಪ ಹೊತ್ತಿಸುತ್ತಾನೆ. ಕಣ್ಣಿಗೆ ಬೆಳಕು ಹೊಡೆಯುವುದು ಬಹುಮಟ್ಟಿಗೆ ಈ ಕ್ಷಣದಲ್ಲೇ, ವಿಶೇಷವಾಗಿ ಟ್ಯಾಕ್ ಹಾಕುವಾಗ.

ಆಟೋ ಡಾರ್ಕನಿಂಗ್ ಹೆಲ್ಮೆಟ್ ಈ ತೊಡಕನ್ನು ಪರಿಹರಿಸುತ್ತದೆ. ಚಾಪವಿಲ್ಲದಾಗ ಅದರ ಗಾಜು 3 ಅಥವಾ 4ನೆಯ ಶೇಡಿನಲ್ಲಿ ತಿಳಿಯಾಗಿರುತ್ತದೆ. ಚಾಪದ ಬೆಳಕು ಸೆನ್ಸರಿಗೆ ತಾಕಿದೊಡನೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಅಥವಾ ಇನ್ನೂ ಕಡಿಮೆ ಅವಧಿಯಲ್ಲಿ 9ರಿಂದ 13ರವರೆಗಿನ ಶೇಡಿಗೆ ಕಪ್ಪಾಗುತ್ತದೆ. ಎರಡೂ ಕೈಗಳು ಬಿಡುವಾಗಿರುತ್ತವೆ, ಹೆಲ್ಮೆಟ್ ಸದಾ ಮುಖದ ಮೇಲಿರುತ್ತದೆ. ಪ್ರಮಾಣಿತ ಹೆಲ್ಮೆಟ್ಟಿನಲ್ಲಿ ಅತಿನೇರಳೆ ಮತ್ತು ಅವಗೆಂಪು ಕಿರಣಗಳನ್ನು ತಡೆಯುವ ಪದರ ಗಾಜು ತಿಳಿಯಾಗಿರುವಾಗಲೂ, ಬ್ಯಾಟರಿ ಮುಗಿದಾಗಲೂ ಕೆಲಸ ಮಾಡುತ್ತಿರುತ್ತದೆ. ಈ ಕಾರಣಗಳಿಂದ ವಿದ್ಯಾರ್ಥಿಗೂ ಹವ್ಯಾಸಿಗೂ ಆಟೋ ಹೆಲ್ಮೆಟ್ಟೇ ತಕ್ಕುದೆಂದು ಹೇಳಬಹುದು. ಆದರೆ ಯಾವ ಗುರುತೂ ಇಲ್ಲದ ಅಗ್ಗದ ಆಟೋ ಹೆಲ್ಮೆಟ್ಟಿಗಿಂತ ಪ್ರಮಾಣಿತ ಸ್ಥಿರ ಗಾಜಿನ ಹೆಲ್ಮೆಟ್ ಮೇಲು ಎಂಬುದನ್ನೂ ಸೇರಿಸಬೇಕು.

ಕೊಳ್ಳುವಾಗ ನೋಡಬೇಕಾದ ಅಂಶಗಳು ಇವು:

1. ಮಾನದಂಡದ ಗುರುತು. ಭಾರತೀಯ ಮಾನದಂಡದಲ್ಲಿ ವೆಲ್ಡಿಂಗ್ ಕಾಲದ ಕಣ್ಣು ಮತ್ತು ಮುಖ ರಕ್ಷಣೆಯ ಸಾಧನಗಳಿಗೆ ಸಂಬಂಧಿಸಿದುದು ಐಎಸ್ 1179. ಆಟೋ ಗಾಜುಗಳ ಮೇಲೆ ಯುರೋಪಿನ ಇಎನ್ 379 ಅಥವಾ ಅಮೆರಿಕದ ಆನ್ಸಿ ಜೆಡ್ 87.1 ಗುರುತು ಕಾಣಬಹುದು. ಇಎನ್ 379ರ ಸ್ಥಾನಕ್ಕೆ ಐಎಸ್‌ಒ 16321 ಎಂಬ ಹೊಸ ಮಾನದಂಡ ಬಂದಿದೆಯಾದರೂ ಹಳೆಯ ಗುರುತಿನ ಸರಕು ಅಂಗಡಿಗಳಲ್ಲಿ ದೊರೆಯುತ್ತದೆ. ಗುರುತು ಗಾಜಿನ ಕ್ಯಾಸೆಟ್ಟಿನ ಮೇಲೆಯೇ ಅಚ್ಚಾಗಿರಬೇಕು; ರಟ್ಟಿನ ಪೆಟ್ಟಿಗೆಯ ಮೇಲಿದ್ದರೆ ಸಾಲದು.

2. ನಾಲ್ಕು ಅಂಕಿಗಳು. ಇಎನ್ 379 ಗಾಜಿನ ಮೇಲೆ 1/1/1/2 ಎಂಬಂತಹ ಅಂಕಿಗಳಿರುತ್ತವೆ. ಅವು ಕ್ರಮವಾಗಿ ದೃಷ್ಟಿಯ ಸ್ಪಷ್ಟತೆ, ಬೆಳಕಿನ ಚದುರುವಿಕೆ, ಕಪ್ಪಿನ ಸಮಾನತೆ ಹಾಗೂ ಓರೆಯಾಗಿ ನೋಡಿದಾಗಿನ ವ್ಯತ್ಯಾಸವನ್ನು ತಿಳಿಸುತ್ತವೆ. 1 ಉತ್ತಮ, 3 ಕನಿಷ್ಠ.

3. ಸೆನ್ಸರುಗಳ ಸಂಖ್ಯೆ. ಎರಡು ಸೆನ್ಸರುಗಳಿದ್ದರೆ ಕೊಳವೆಯ ಮರೆಯಲ್ಲಿ ಅಥವಾ ಮೂಲೆಯಲ್ಲಿ ಬೆಸೆಯುವಾಗ ಬೆಳಕು ಸೆನ್ಸರಿಗೆ ತಾಕದೆ ಗಾಜು ತಿಳಿಯಾಗಿಯೇ ಉಳಿಯಬಹುದು. ನಾಲ್ಕಿದ್ದರೆ ಈ ಸಂಭವ ಕಡಿಮೆ.

4. ಬ್ಯಾಟರಿ. ಸೌರಕೋಶವೊಂದನ್ನೇ ನಂಬಿದ, ಬದಲಿಸಲಾಗದ ಬ್ಯಾಟರಿಯ ಹೆಲ್ಮೆಟ್ ಕೆಲವು ವರ್ಷಗಳಲ್ಲಿ ಬಿಸಾಡುವ ವಸ್ತುವಾಗುತ್ತದೆ. ಬದಲಿಸಬಹುದಾದ ಬ್ಯಾಟರಿಯುಳ್ಳದ್ದು ಲೇಸು.

5. ತಲೆಪಟ್ಟಿ, ತೂಕ ಮತ್ತು ಬಿಡಿಭಾಗ. ಅರ್ಧ ಕಿಲೋಗಿಂತ ಹೆಚ್ಚು ಭಾರವಿದ್ದರೆ ಸಂಜೆಗೆ ಕತ್ತು ನೋಯುತ್ತದೆ. ಮುಂಭಾಗದ ಪಾರದರ್ಶಕ ಹಾಳೆ ಬಿಡಿಯಾಗಿ ದೊರೆಯುವುದೇ ಎಂದು ಕೇಳಿಯೇ ಕೊಳ್ಳಬೇಕು.

ಅಂಗಡಿಯಲ್ಲಿ ಒಂದು ಸರಳ ಪರೀಕ್ಷೆ ಮಾಡಬಹುದು. ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿದರೆ ಗಾಜು ಕಪ್ಪಾಗಬೇಕು. ಸೆನ್ಸರುಗಳನ್ನು ಬೆರಳಿನಿಂದ ಮುಚ್ಚಿದರೆ ಮರಳಿ ತಿಳಿಯಾಗಬೇಕು. ಇದು ಸೆನ್ಸರು ಮತ್ತು ಬ್ಯಾಟರಿ ಕೆಲಸ ಮಾಡುತ್ತಿವೆಯೆಂದು ತೋರಿಸುತ್ತದೆಯೇ ಹೊರತು ಅತಿನೇರಳೆ ಕಿರಣಗಳನ್ನು ತಡೆಯುತ್ತದೆಯೆಂಬುದಕ್ಕೆ ಸಾಕ್ಷಿಯಲ್ಲ. ಆ ಭರವಸೆ ಮಾನದಂಡದ ಗುರುತಿನಿಂದ ಮಾತ್ರ ಬರಬೇಕು.

ಶೇಡಿನ ಆಯ್ಕೆಗೆ ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಮಾರ್ಗದರ್ಶಿ ಹೀಗಿದೆ:

ಆರ್ಕ್ ವೆಲ್ಡಿಂಗ್, 60 ಆಂಪಿಯರಿಗಿಂತ ಕಡಿಮೆ: ಕನಿಷ್ಠ 7
ಆರ್ಕ್ ವೆಲ್ಡಿಂಗ್, 60ರಿಂದ 160 ಆಂಪಿಯರ್: ಕನಿಷ್ಠ 8, ಸೂಕ್ತ 10
ಆರ್ಕ್ ವೆಲ್ಡಿಂಗ್, 160ರಿಂದ 250 ಆಂಪಿಯರ್: ಕನಿಷ್ಠ 10, ಸೂಕ್ತ 12
ಮಿಗ್, 60ರಿಂದ 160 ಆಂಪಿಯರ್: ಕನಿಷ್ಠ 10, ಸೂಕ್ತ 11

ಮೊದಲು ಹೆಚ್ಚು ಕಪ್ಪಿನ ಶೇಡಿನಿಂದ ಆರಂಭಿಸಿ, ಕರಗಿದ ಲೋಹದ ಅಂಚು ಸ್ಪಷ್ಟವಾಗಿ ಕಾಣುವವರೆಗೆ ಒಂದೊಂದೇ ಅಂಕಿ ಇಳಿಸಿಕೊಂಡು ಬರಬೇಕು. ಕನಿಷ್ಠಕ್ಕಿಂತ ಕೆಳಗೆ ಇಳಿಯಬಾರದು. ಗ್ಯಾಸ್ ಕಟಿಂಗಿನ 5ನೆಯ ಶೇಡಿನ ಹಸಿರು ಕನ್ನಡಕ ಹಾಕಿಕೊಂಡು ಆರ್ಕ್ ವೆಲ್ಡಿಂಗ್ ಮಾಡುವುದು ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಅದು ಸಾಲದು, ಮುಖದ ಚರ್ಮಕ್ಕಂತೂ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಕಣ್ಣಿಗೆ ಬೆಳಕು ಹೊಡೆದರೆ ಎದೆಹಾಲು, ಆಲೂಗಡ್ಡೆ ಹೋಳು ಮುಂತಾದವನ್ನು ಹಾಕದೆ, ಉಜ್ಜದೆ, ಕತ್ತಲೆಯಲ್ಲಿ ವಿಶ್ರಾಂತಿ ಕೊಟ್ಟು ವೈದ್ಯರನ್ನು ಕಾಣಬೇಕು. ನೋವು ಮರಗಟ್ಟಿಸುವ ಕಣ್ಣಿನ ಹನಿಯನ್ನು ತಾವಾಗಿಯೇ ತಂದು ಪದೇ ಪದೇ ಹಾಕಿಕೊಂಡರೆ ಕಾರ್ನಿಯಾ ಮಾಯುವುದಿಲ್ಲ, ಮತ್ತಷ್ಟು ಕೆಡುತ್ತದೆ.

ಮನೆಯ ವಿದ್ಯುತ್ತು ಎಷ್ಟನ್ನು ತಾಳೀತು?

ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರಗಳು ಎರಡು ಫೇಸ್‌ಗಳ ನಡುವಣ 415 ವೋಲ್ಟಿನಲ್ಲಿ ನಡೆಯುತ್ತಿದ್ದವು. ವಿದ್ಯಾರ್ಥಿಯ ಅಥವಾ ಹವ್ಯಾಸಿಯ ಮನೆಯಲ್ಲಿರುವುದು 230 ವೋಲ್ಟಿನ ಒಂದೇ ಫೇಸ್. ಇನ್ವರ್ಟರ್ ಯಂತ್ರ ಅದಕ್ಕೆ ಹೊಂದುತ್ತದೆ. ಆದರೆ ಎಷ್ಟರ ಮಟ್ಟಿಗೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಆರ್ಕ್ ವೆಲ್ಡಿಂಗಿನಲ್ಲಿ ಚಾಪದ ವೋಲ್ಟೇಜನ್ನು, ಆಂಪಿಯರನ್ನು 0.04ರಿಂದ ಗುಣಿಸಿ 20 ಕೂಡಿಸಿದರೆ ಬರುವ ಅಂಕಿಯೆಂದು ಮಾನದಂಡಗಳು ಪರಿಗಣಿಸುತ್ತವೆ. 2.5 ಮಿ.ಮೀ. ಕಡ್ಡಿಯನ್ನು 80 ಆಂಪಿಯರಿನಲ್ಲಿ ಉರಿಸಿದರೆ ಚಾಪದ ವೋಲ್ಟೇಜ್ 23.2; ಶಕ್ತಿ ಸುಮಾರು 1,850 ವ್ಯಾಟ್. ಯಂತ್ರದ ದಕ್ಷತೆ ಶೇಕಡಾ 85, ಪವರ್ ಫ್ಯಾಕ್ಟರ್ 0.7 ಎಂದು ಹಿಡಿದರೆ ಲೈನಿನಿಂದ ಎಳೆಯುವುದು ಸುಮಾರು 3,100 ವೋಲ್ಟ್ ಆಂಪಿಯರ್. 230 ವೋಲ್ಟಿನಲ್ಲಿ ಇದು 13ರಿಂದ 14 ಆಂಪಿಯರ್. 16 ಆಂಪಿಯರಿನ ಪವರ್ ಸಾಕೆಟ್ಟಿಗೆ ಹೊಂದುತ್ತದೆ. ಸಂಜೆ ವೋಲ್ಟೇಜ್ 190ಕ್ಕೆ ಇಳಿದರೆ ಅದೇ ಕೆಲಸ 16 ಆಂಪಿಯರನ್ನು ಮೀರುತ್ತದೆ. 3.15 ಮಿ.ಮೀ. ಕಡ್ಡಿಯನ್ನು 120 ಆಂಪಿಯರಿನಲ್ಲಿ ಉರಿಸಿದರೆ 230 ವೋಲ್ಟಿನಲ್ಲೇ ಸುಮಾರು 22 ಆಂಪಿಯರ್ ಬೇಕು. ಹಾಗಾದರೆ ಮನೆಯ ಸಾಮಾನ್ಯ ಪ್ಲಗ್ಗಿನಲ್ಲಿ 2.5 ಮಿ.ಮೀ. ಕಡ್ಡಿಯವರೆಗೆ ಮಾತ್ರ ನಿರಾತಂಕವಾಗಿ ಕೆಲಸ ಮಾಡಬಹುದು. ಅದಕ್ಕಿಂತ ದಪ್ಪ ಕಡ್ಡಿಗೆ ಪ್ರತ್ಯೇಕ ಎಂಸಿಬಿ, 4 ಚದರ ಮಿ.ಮೀ. ತಾಮ್ರದ ತಂತಿ ಹಾಗೂ ತಕ್ಕಷ್ಟು ಮಂಜೂರಾದ ಲೋಡ್ ಬೇಕು.

ಎಕ್ಸ್‌ಟೆನ್ಷನ್ ತಂತಿಯ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. 30 ಮೀಟರ್ ಉದ್ದದ 1 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 20 ಆಂಪಿಯರ್ ಹರಿದರೆ ಹೋಗಿಬರುವ ದಾರಿಯಲ್ಲಿ 20ಕ್ಕೂ ಹೆಚ್ಚು ವೋಲ್ಟ್ ನಷ್ಟವಾಗುತ್ತದೆ. ತಂತಿ ಕಾದು ಮೆತ್ತಗಾಗುತ್ತದೆ. 2.5 ಚದರ ಮಿ.ಮೀ. ಆದರೆ ನಷ್ಟ ಸುಮಾರು 9 ವೋಲ್ಟ್. 'ಯಂತ್ರ ಸರಿಯಿಲ್ಲ, ಕಡ್ಡಿ ಅಂಟುತ್ತದೆ' ಎಂಬ ದೂರುಗಳಲ್ಲಿ ಎಷ್ಟೋ ಈ ತಂತಿಯ ದೋಷದಿಂದ ಬಂದವು.

ಯಂತ್ರದ ಕವಚಕ್ಕೆ ಅರ್ತಿಂಗ್ ಕಡ್ಡಾಯ. ಕಡ್ಡಿಯಲ್ಲಿ ಚಾಪವಿಲ್ಲದಾಗಲೂ 60ರಿಂದ 80 ವೋಲ್ಟ್ ಇರುತ್ತದೆ. ಒಣಗಿದ ಕೈಗೆ ಅದು ತಿಳಿಯದಿರಬಹುದು, ಮಳೆಗಾಲದ ಒದ್ದೆ ನೆಲದಲ್ಲಿ ಬೆವರಿದ ಕೈಗೆ ಅದೇ ಪ್ರಾಣಾಂತಿಕವಾಗಬಹುದು. ಇನ್ನೊಂದು ಮಾತು: ಗೃಹ ಬಳಕೆಯ ಸಂಪರ್ಕದಲ್ಲಿ ಕೂಲಿಗಾಗಿ ವೆಲ್ಡಿಂಗ್ ಮಾಡುವುದು 2003ರ ವಿದ್ಯುತ್ ಕಾಯಿದೆಯ 126ನೆಯ ಪ್ರಕರಣದ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ. ಹವ್ಯಾಸ ದುಡಿಮೆಯಾಗಿ ಬದಲಾದ ದಿನವೇ ಸಂಪರ್ಕದ ವರ್ಗವನ್ನೂ ಬದಲಿಸಿಕೊಳ್ಳುವುದು ಕ್ಷೇಮ.

ಯಂತ್ರದ ಆಯ್ಕೆ

ಕೆಲಸವೂ ವಿದ್ಯುತ್ತೂ ನಿರ್ಧಾರವಾದ ಮೇಲೆ ಯಂತ್ರದ ಆಯ್ಕೆ ಕಠಿಣವಲ್ಲ. ಮನೆಬಳಕೆಗೆ, ಕಲಿಕೆಗೆ ನಿಜವಾಗಿ 140ರಿಂದ 160 ಆಂಪಿಯರ್ ನೀಡುವ ಡಿಸಿ ಇನ್ವರ್ಟರ್ ಯಂತ್ರ ಸಾಕು. ಇಲ್ಲಿ 'ನಿಜವಾಗಿ' ಎಂಬ ಪದ ಮುಖ್ಯ. ಮಾರುಕಟ್ಟೆಯಲ್ಲಿ ಮೂರು ಕಿಲೋ ತೂಕದ ಪೆಟ್ಟಿಗೆಯ ಮೇಲೆ 250, 300 ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಇದನ್ನು ಪರೀಕ್ಷಿಸಲು ಹಿಂಬದಿಯ ಫಲಕ ನೋಡಿದರೆ ಸಾಕು. 200 ಆಂಪಿಯರಿಗೆ ಚಾಪದ ವೋಲ್ಟೇಜ್ 28. ಹೊರಗೆ ಬರಬೇಕಾದ ಶಕ್ತಿ 5,600 ವ್ಯಾಟ್. ಫಲಕದಲ್ಲಿ ಒಳಹರಿವು 4 ಕೆವಿಎ ಎಂದಿದ್ದರೆ, ಒಳಗೆ ಬಾರದ ಶಕ್ತಿ ಹೊರಗೆ ಬರುವುದು ಸಾಧ್ಯವಿಲ್ಲ. ಈ ಸರಳ ಗುಣಾಕಾರವನ್ನು ಸಗಟು ಖರೀದಿಗೆ ಮುನ್ನ ವರ್ತಕರು ಮಾಡಿದರೆ ಮುಂದೆ ಗಿರಾಕಿಗಳ ಜೊತೆ ವಾದಿಸುವ ಪ್ರಮೇಯ ಬಾರದು.

ಎರಡನೆಯ ಅಂಶ ಡ್ಯೂಟಿ ಸೈಕಲ್. ಹತ್ತು ನಿಮಿಷಗಳಲ್ಲಿ ಎಷ್ಟು ನಿಮಿಷ ಆ ಆಂಪಿಯರಿನಲ್ಲಿ ನಿರಂತರವಾಗಿ ಬೆಸೆಯಬಹುದು ಎಂಬುದೇ ಇದರ ಅರ್ಥ. 160 ಆಂಪಿಯರಿನಲ್ಲಿ ಶೇಕಡಾ 60 ಎಂದರೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60974ರ ಪ್ರಕಾರ ಇದನ್ನು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆಯಬೇಕು. 20 ಅಥವಾ 25 ಡಿಗ್ರಿಯಲ್ಲಿ ಅಳೆದ ಅಂಕಿ ಏಪ್ರಿಲ್ ತಿಂಗಳ ತಗಡಿನ ಶೆಡ್ಡಿನೊಳಗೆ ನಿಲ್ಲುವುದಿಲ್ಲ. ಕಲಿಯುವವನು ಕಡ್ಡಿ ಬದಲಿಸುತ್ತ, ಕಿಟ್ಟ ಕುಟ್ಟುತ್ತ ಇರುವುದರಿಂದ ಶೇಕಡಾ 40 ಇದ್ದರೂ ಸಾಕು. ದಿನವಿಡೀ ದುಡಿಯುವ ವರ್ಕ್‌ಶಾಪಿಗೆ ಶೇಕಡಾ 60 ಬೇಕು.

ಮೂರನೆಯದು, ವೋಲ್ಟೇಜ್ ಏರಿಳಿತವನ್ನು ಸಹಿಸುವ ಶಕ್ತಿ. ಗ್ರಾಮಾಂತರ ಗಿರಾಕಿಗೆ 170 ವೋಲ್ಟ್ ಆಸುಪಾಸಿನಲ್ಲೂ ಕೆಲಸ ಮಾಡುವ ಯಂತ್ರ ತಕ್ಕುದು. ನಾಲ್ಕನೆಯದು, ದುರಸ್ತಿ. ಇನ್ವರ್ಟರಿನ ಒಳಗಿನ ಕಾರ್ಡ್ ಸುಟ್ಟರೆ ಸಾಮಾನ್ಯ ಎಲೆಕ್ಟ್ರಿಷಿಯನ್ ಸರಿಪಡಿಸಲಾರ. ಮೈಸೂರಿನಲ್ಲಾದರೂ ದುರಸ್ತಿ ಸೌಲಭ್ಯವಿರುವ ತಯಾರಿಕೆಯನ್ನೇ ಆರಿಸಬೇಕು. ಇವು ಕೆಡಲು ಮುಖ್ಯ ಕಾರಣಗಳಲ್ಲೊಂದು ಗ್ರೈಂಡರಿನ ಕಬ್ಬಿಣದ ಪುಡಿಯನ್ನು ಫ್ಯಾನ್ ಒಳಗೆಳೆದುಕೊಳ್ಳುವುದು. ಯಂತ್ರವನ್ನು ಗ್ರೈಂಡರಿನ ಕಿಡಿಗಳ ದಾರಿಯಿಂದ ದೂರವಿಟ್ಟು, ತಿಂಗಳಿಗೊಮ್ಮೆ ಪ್ಲಗ್ ತೆಗೆದು ಒಣಗಾಳಿಯಿಂದ ಶುಚಿಗೊಳಿಸಿದರೆ ಅದರ ಆಯುಸ್ಸು ಹೆಚ್ಚುತ್ತದೆ.

ಟ್ರಾನ್ಸ್‌ಫಾರ್ಮರ್ ಯಂತ್ರಗಳ ಕಾಲ ಮುಗಿಯಿತೆಂದೇನೂ ಅಲ್ಲ. ತಾಮ್ರದ ಸುತ್ತಿನ ಯಂತ್ರ ದಶಕಗಳ ಕಾಲ ಬಾಳುತ್ತದೆ, ಊರಿನಲ್ಲೇ ಸರಿಪಡಿಸಬಹುದು. ಆದರೆ ಅದು ವರ್ಕ್‌ಶಾಪಿನ ವಸ್ತು, ವಿದ್ಯಾರ್ಥಿಯದಲ್ಲ.

ಕಡ್ಡಿಗಳ ವಿಷಯದಲ್ಲಿ ಇ 6013 ವರ್ಗದ ಕಡ್ಡಿ ಕಲಿಕೆಗೂ ಗ್ರಿಲ್ ಕೆಲಸಕ್ಕೂ ಸರಿಯಾದುದು. ಬ್ಯಾರನ್ ಕೊಳವೆಯಂತಹ ತೆಳು ತಗಡಿಗೆ 2 ಮಿ.ಮೀ. ಕಡ್ಡಿಯನ್ನು 40ರಿಂದ 60 ಆಂಪಿಯರಿನಲ್ಲಿ, ಸರಳು ಮತ್ತು ಆಂಗಲ್‌ಗಳಿಗೆ 2.5 ಮಿ.ಮೀ. ಕಡ್ಡಿಯನ್ನು 60ರಿಂದ 90 ಆಂಪಿಯರಿನಲ್ಲಿ, ಕೇಜ್ ವ್ಹೀಲಿನ ದಪ್ಪ ಪಟ್ಟಿಗೆ 3.15 ಮಿ.ಮೀ. ಕಡ್ಡಿಯನ್ನು 90ರಿಂದ 130 ಆಂಪಿಯರಿನಲ್ಲಿ ಬಳಸಬಹುದು. ಹೆಚ್ಚು ಭಾರ ಹೊರುವ ಭಾಗಗಳಿಗೆ ಬೇಕಾಗುವ ಇ 7018 ಕಡ್ಡಿ ತೇವ ಹೀರುತ್ತದೆ. ಬಳಸುವ ಮುನ್ನ ಒಲೆಯಲ್ಲಿ 300 ಡಿಗ್ರಿಗೂ ಮೇಲ್ಪಟ್ಟು ಕಾಯಿಸಬೇಕು. ಆ ಅನುಕೂಲವಿಲ್ಲದ ಹವ್ಯಾಸಿ ಟ್ರೇಲರಿನ ಕೊಂಡಿ, ಏಣಿ, ಮೇಲ್ಛಾವಣಿಯ ತೊಲೆಗಳನ್ನು ಬೆಸೆಯುವ ಸಾಹಸ ಮಾಡಬಾರದು.

ಹೊಗೆ, ಬೆಂಕಿ, ಉಡುಪು

ಜಿಐ ಪೈಪು ಮತ್ತು ತಗಡುಗಳ ಮೇಲಿನ ಸತುವಿನ ಲೇಪ ಕಾದಾಗ ಬರುವ ಬಿಳಿ ಹೊಗೆಯಿಂದ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಇದು ತಡೆಯುವುದಿಲ್ಲ. ಬೆಸೆಯುವ ಜಾಗದ ಲೇಪವನ್ನು ಮೊದಲೇ ಉಜ್ಜಿ ತೆಗೆದು, ತೆರೆದ ಜಾಗದಲ್ಲಿ ಗಾಳಿಗೆ ಬೆನ್ನಾಗಿರದೆ ಓರೆಯಾಗಿ ನಿಂತು, ಮುಖವನ್ನು ಹೊಗೆಯಿಂದ ಹೊರಗಿಟ್ಟು ಕೆಲಸ ಮಾಡಬೇಕು. ಕಿಡಿಗಳು ಹತ್ತು ಮೀಟರಿನಷ್ಟು ದೂರ ಹಾರಬಲ್ಲವು. ಹುಲ್ಲಿನ ಮೆದೆ, ಗೋಣಿ, ಒಣಗಿದ ಹೊಗೆಸೊಪ್ಪು ಹತ್ತಿರವಿರಕೂಡದು. ಡೀಸೆಲ್ ಅಥವಾ ಟಾರ್ ಇದ್ದ ಖಾಲಿ ಡ್ರಮ್ಮುಗಳನ್ನು ಬೆಸೆಯುವುದು ಬಾಂಬನ್ನು ಕೈಯಲ್ಲಿ ಹಿಡಿದಂತೆ. ಉಡುಪು ಹತ್ತಿಯದೇ ಆಗಿರಬೇಕು. ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಚರ್ಮದ ಕೈಗವಸು, ಮುಚ್ಚಿದ ಬೂಟು, ಕಿಟ್ಟ ಕುಟ್ಟುವಾಗ ಪಾರದರ್ಶಕ ಕನ್ನಡಕ, ಪಕ್ಕದಲ್ಲೊಂದು ಬಕೆಟ್ ಮರಳು, ಇವಿಷ್ಟು ಅನಿವಾರ್ಯ.

ವರ್ತಕರಿಗೂ ಉದ್ಯಮಿಗಳಿಗೂ ಎರಡು ಮಾತು

ಹಾರ್ಡ್‌ವೇರ್ ವರ್ತಕರು ಯಂತ್ರವನ್ನು ಬಿಡಿಯಾಗಿ ಮಾರುವ ಬದಲು ಪ್ರಮಾಣಿತ ಹೆಲ್ಮೆಟ್, ಚರ್ಮದ ಕೈಗವಸು ಮತ್ತು ಒಂದು ಪೊಟ್ಟಣ 2.5 ಮಿ.ಮೀ. ಕಡ್ಡಿಯನ್ನು ಸೇರಿಸಿ ಒಂದೇ ಬೆಲೆಗೆ ಮಾರುವ ಪದ್ಧತಿಯನ್ನು ರೂಢಿಸಬಹುದು. ಗಿರಾಕಿಯ ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ 200 ಆಂಪಿಯರಿನ ಬದಲು 160 ಆಂಪಿಯರಿನ ಯಂತ್ರ ಕೊಟ್ಟು, ಉಳಿದ ಹಣದಲ್ಲಿ ಹೆಲ್ಮೆಟ್ ಕೊಡಬೇಕು. ಯಂತ್ರವನ್ನು ನಾಳೆ ದೊಡ್ಡದು ಮಾಡಿಕೊಳ್ಳಬಹುದು. ಇದರಲ್ಲಿ ವರ್ತಕನಿಗೆ ನಷ್ಟವೇನೂ ಇಲ್ಲ. ಬಿಳಿ ಗಾಜಿಗೆ, ಕಡ್ಡಿಗೆ, ಕೈಗವಸಿಗೆ ಅದೇ ಗಿರಾಕಿ ವರ್ಷಗಟ್ಟಲೆ ಅದೇ ಅಂಗಡಿಗೆ ಬರುತ್ತಾನೆ.

ವರ್ಕ್‌ಶಾಪ್ ನಡೆಸುವ ಸದಸ್ಯರ ಹೊಣೆ ಇನ್ನೂ ಹೆಚ್ಚಿನದು. 1948ರ ಕಾರ್ಖಾನೆಗಳ ಕಾಯಿದೆಯಲ್ಲಿ 35ನೆಯ ಪ್ರಕರಣವನ್ನು ಕಣ್ಣಿನ ರಕ್ಷಣೆಗೆಂದೇ ಮೀಸಲಿಡಲಾಗಿತ್ತು ಎಂಬುದೊಂದೇ ಈ ವಿಷಯದ ಗಾಂಭೀರ್ಯವನ್ನು ತೋರಿಸುತ್ತದೆ. 18 ವರ್ಷ ತುಂಬದವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವುದನ್ನು 2016ರ ತಿದ್ದುಪಡಿಯ ನಂತರ ಕಾನೂನು ನಿಷೇಧಿಸಿದೆ. ಕಲಿಯಲು ಬರುವ ವಿದ್ಯಾರ್ಥಿಗೆ ಮೊದಲ ದಿನ ಹೋಲ್ಡರ್ ಕೊಡುವ ಮುನ್ನ ಅವನ ತಲೆಗೆ ಸರಿಹೊಂದುವ ಹೆಲ್ಮೆಟ್ ಕೊಡಬೇಕು. ಪಕ್ಕದಲ್ಲಿ ಸರಳು ಹಿಡಿದು ನಿಲ್ಲುವ ಸಹಾಯಕನಿಗೂ, ರಸ್ತೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಚಾಪದ ಬೆಳಕು ಅಷ್ಟೇ ಹಾನಿಕರ; ರಸ್ತೆ ಬದಿಯ ವರ್ಕ್‌ಶಾಪುಗಳು ಒಂದು ಹಳೆಯ ತಗಡನ್ನು ಅಡ್ಡ ನಿಲ್ಲಿಸಿದರೂ ದೊಡ್ಡ ಉಪಕಾರವಾಗುತ್ತದೆ.

ಮೇಲೆ ಹೇಳಿದ ಹುಡುಗ ಮುಂದೆ ಆರು ತಿಂಗಳ ನಂತರ ಪರೀಕ್ಷೆ ಬರೆದು ತೇರ್ಗಡೆಯಾದ, ಈಗ ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದಾನೆ. ಅವನ ಶೆಡ್ಡಿನ ಗೋಡೆಯಲ್ಲಿ ಯಂತ್ರದ ಪಕ್ಕದಲ್ಲೇ ಎರಡು ಹೆಲ್ಮೆಟ್ಟುಗಳು ತೂಗುಹಾಕಿರುತ್ತವೆ: ಒಂದು ಅವನಿಗೆ, ಇನ್ನೊಂದು ಕಲಿಯಲು ಬರುವವನಿಗೆ. ನಮ್ಮ ಸದಸ್ಯರ ಪ್ರತಿಯೊಂದು ಅಂಗಡಿ ಮತ್ತು ವರ್ಕ್‌ಶಾಪಿನಲ್ಲಿ ಆ ಎರಡನೆಯ ಹೆಲ್ಮೆಟ್ಟಿಗೂ ಒಂದು ಮೊಳೆ ಇರಲಿ ಎಂಬುದೇ ಈ ಲೇಖನದ ಆಶಯ.